ಮೊಳಕೈ ಹದ

"ಇಪ್ಪತ್ತಾರು ಡಿಗ್ರಿ ಅಂದ್ರೆ ನನಗೇನು ತಿಳಿಯುತ್ತಪ್ಪಾ? ಮೊಳಕೈಗೆ ಹೇಗಿರುತ್ತೆ, ಅದು ಹೇಳು," ಎಂದಳು ಅಮ್ಮ.

ಅಕ್ವೇರಿಯಂ ಅಂಗಡಿಯವನು ಮಗಳ ಮುಖ ನೋಡಿದ.

"ಅಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ರು," ಎಂದಳು ಮಗಳು. "ಕೂಸುಗಳ ಸ್ನಾನದ ನೀರನ್ನ ಮೊಳಕೈ ಅದ್ದಿ ನೋಡ್ತಿದ್ರು."

"ಅರ್ಧ ಊರಿನ ಮೊದಲ ಸ್ನಾನ ನನ್ನ ಕೈಯಲ್ಲೇ ಆಗಿದ್ದು. ನಿನ್ನದೂ ಇರಬಹುದು." ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಒಂದು ಕೂಸಿಗೂ ಬಿಸಿ ತಾಗಿಸಿದವಳಲ್ಲ ನಾನು."

ಅವನು ನಕ್ಕ. "ಹಾಗಾದ್ರೆ ನಿಮ್ಮ ಮೊಳಕೈಗೆ ಸ್ವಲ್ಪ ತಣ್ಣಗೇ ಅನ್ಸುತ್ತೆ ಅಜ್ಜಿ. ಕೂಸಿಗೆ ಸಾಲಲ್ಲ, ಆಮೆಗೆ ಸಾಕು."

ಆಮೆ ಹೋದ ತಿಂಗಳೇ ಸತ್ತಿತ್ತು. ಚಳಿಗೆ ಅದು ತಲೆ ಹೊರಹಾಕದೆ ಬಿದ್ದಿರುವುದನ್ನು ನೋಡಲಾರದೆ ಅಮ್ಮ, ಬಕೆಟ್ಟಿನಲ್ಲಿ ಸ್ನಾನದ ನೀರು ಕಾಯಿಸುವ ರಾಡನ್ನು ಗಾಜಿನ ತೊಟ್ಟಿಗೆ ಇಳಿಬಿಟ್ಟು ಸ್ವಿಚ್ಚು ಹಾಕಿದ್ದಳು. ಹಾಕಿದ್ದನ್ನು ಮರೆತಿದ್ದಳು. ಮಗಳು ಟೋಲ್ ಗೇಟಿನ ಪಾಳಿ ಮುಗಿಸಿ ಬಂದಾಗ ತೊಟ್ಟಿಯಿಂದ ಹಬೆ ಏಳುತ್ತಿತ್ತು.

ಅವತ್ತು ವಿಷಯ ಹೇಳಿದಾಗ ಅಮ್ಮ ಎದೆ ಬಡಿದುಕೊಂಡು ಅತ್ತಳು. ಮರುದಿನ ಬೆಳಿಗ್ಗೆ ಎದ್ದವಳೇ, "ಅದಕ್ಕೆ ಚಳಿ ಕಣೇ," ಎಂದು ತೊಟ್ಟಿಯ ಮುಂದೆ ಕೂತಳು. ಮತ್ತೆ ಹೇಳಿದಾಗ ಮತ್ತೆ ಮೊದಲಿನಿಂದ ಅಷ್ಟೇ ಅತ್ತಳು. ಆಮೇಲೆ ಮಗಳು ಹೇಳುವುದನ್ನೇ ಬಿಟ್ಟಳು. ತೊಟ್ಟಿಯೊಳಗಿನ ಮಡಕೆ ಚೂರಿನ ಕೆಳಗೆ ಮಲಗಿದೆ ಅನ್ನುತ್ತಿದ್ದಳು. ಬದುಕಿದ್ದಾಗ ಆಮೆ ದಿನಗಟ್ಟಲೆ ಅಲ್ಲೇ ಮಲಗುತ್ತಿದ್ದದ್ದೂ ನಿಜವೇ. ಆದರೆ ಮೊನ್ನೆ ಅಮ್ಮ ಬಚ್ಚಲಲ್ಲಿ ರಾಡು ಹುಡುಕುತ್ತಿದ್ದುದನ್ನು ಕಂಡ ಮೇಲೆ ಅಂಗಡಿಗೆ ಕರೆತರದೆ ಗತಿಯಿರಲಿಲ್ಲ.

ಅಂಗಡಿಯವನು ಎರಡು ಹೀಟರ್ ಮುಂದಿಟ್ಟ. ಎರಡೂ ನೀರಲ್ಲಿ ಪೂರ್ತಿ ಮುಳುಗುವಂಥವೇ. ಒಂದು ಬರೀ ಗಾಜಿನ ಕೊಳವೆ, ಇನ್ನೊಂದರ ಸುತ್ತ ಪ್ಲಾಸ್ಟಿಕ್ಕಿನ ಪಂಜರ.

"ಮೀನಿಗಾದ್ರೆ ಬರೀ ಗಾಜು ಸಾಕು. ಆಮೆ ಡಿಕ್ಕಿ ಹೊಡೆದು ಒಡೆದುಹಾಕುತ್ತೆ."

"ಹೊಡೆಯದೆ ಬಿಡುತ್ತಾ? ನಮ್ಮದು ಬಲು ಪುಂಡ." ಅಮ್ಮ ಪಂಜರದ್ದನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಾನು ಮರೆತುಬಿಟ್ರೆ? ಈಚೆಗೆ ನನ್ನ ತಲೆ ತೂತು ಬಿದ್ದ ಕೊಡ."

"ನಿಶ್ಚಿಂತೆಯಾಗಿ ಮರೀರಿ ಅಜ್ಜಿ. ನೀರು ಹದಕ್ಕೆ ಬಂತೋ, ಅದೇ ನಿಂತುಹೋಗುತ್ತೆ, ಈ ಕೆಂಪು ದೀಪಾನೂ ಆರುತ್ತೆ. ನೀರಿಗೆ ಕೈ ಹಾಕೋವಾಗ ಮಾತ್ರ ಮೊದಲು ಪ್ಲಗ್ ಕೀಳಿ." ಅವನು ಡಬ್ಬಿ ಹುಡುಕುತ್ತ ಸೇರಿಸಿದ, "ನೀವು ವಾಸಿ, ಕೇಳಿ ತಗೊಳ್ತೀರಿ. ಬಕೆಟ್ಟಿನ ರಾಡ್ ಹಾಕಿ ಸಾರು ಮಾಡಿದವರೂ ಇದ್ದಾರೆ!"

"ಅಯ್ಯೋ, ಯಾವ ಪಾಪಿಷ್ಠೆನಪ್ಪಾ ಅದು?" ಎಂದಳು ಅಮ್ಮ. "ಅವಳ ಕೈ ಸೇದಿಹೋಗ!"

"ಹಾಗನ್ನಬೇಡಮ್ಮ." ಮಗಳ ಬಾಯಿಂದ ಬಂದೇಬಿಟ್ಟಿತು. "ನನಗೂ ಗೊತ್ತು ಅಂಥದೊಂದು ಮನೆ. ವಯಸ್ಸಾದವರು. ಅದಕ್ಕೆ ಚಳಿ ಅಂತ ಹಾಕಿದ್ರು, ಅಷ್ಟೆ."

"ಚಳಿ ಅಂದ್ರೆ ಸರಿಯಾದ್ದು ತರಿಸಬಾರದಿತ್ತಾ?"

"ದಿನಾ ಕೇಳ್ತಿದ್ರು. ಮಗಳೇ ನಾಳೆ, ನಾಡಿದ್ದು ಅಂತ ತಳ್ಳಿದಳು."

ಅಮ್ಮ ಅಂಗಡಿಯವನ ಕೈಯಿಂದ ಹೀಟರಿನ ಡಬ್ಬಿ ತೆಗೆದುಕೊಂಡಳು. "ಹಾಗಿದ್ರೆ ಪಾಪ ಮಗಳಿಗೇ ಸುತ್ತಿಕೊಳ್ಳುತ್ತೆ ಬಿಡು. ಆ ಮುದುಕಿ ಹೇಗಿದ್ದಾಳೆ?"

"ಮರೆತಿದ್ದಾರೆ."

"ಪುಣ್ಯವಂತೆ. ಯಾರೂ ನೆನಪು ಮಾಡಿಕೊಡದಿದ್ರೆ ಸಾಕು," ಎಂದು ಅಮ್ಮ ಡಬ್ಬಿಯನ್ನು ಕಂಕುಳಿಗೆ ಏರಿಸಿ ಬಾಗಿಲ ಕಡೆ ನಡೆದಳು. ದುಡ್ಡು ಕೊಡುವಾಗ ಅಂಗಡಿಯವನು ಮತ್ತೆ ಮಗಳ ಮುಖ ನೋಡಿದ. ಈ ಸಲ ನಗಲಿಲ್ಲ.

ಮನೆಯಲ್ಲಿ ಮಗಳು ಹೀಟರನ್ನು ತೊಟ್ಟಿಯ ಒಳಗಿನ ಗಾಜಿಗೆ ಒತ್ತಿ ಅಂಟಿಸಿ ಪ್ಲಗ್ ಚುಚ್ಚಿದಳು. ಕೆಂಪು ದೀಪ ಹತ್ತಿತು. ಅಮ್ಮ ಚಪ್ಪಲಿಯನ್ನೂ ಬಿಡದೆ ಸ್ಟೂಲಿನ ಮೇಲೆ ಕೂತಳು.

"ಊಟಕ್ಕೆ ಏಳಮ್ಮ."

"ಅದು ಏಳಲಿ ಮೊದಲು."

ತಟ್ಟೆಗಳಲ್ಲಿ ಬಡಿಸಿದ್ದು ತಣ್ಣಗಾದ ಮೇಲೆ ದೀಪ ಆರಿತು. "ಪ್ಲಗ್ ಕೀಳೇ," ಎಂದಳು ಅಮ್ಮ. ಅಂಗಡಿಯವನ ಮಾತು ಅವಳಿಗೆ ಚೆನ್ನಾಗಿ ನೆನಪಿತ್ತು. ಸ್ವೆಟರಿನ ತೋಳು ಮೇಲೇರಿಸಿ, ಮೊಳಕೈಯನ್ನು ನೀರಿಗೆ ಅದ್ದಿ, ಕಣ್ಣು ಮುಚ್ಚಿದಳು.

"ಹದವಾಗಿದೆ. ಈಗ ಎಬ್ಬಿಸು ಅದನ್ನ."

ಮಗಳು ನಿಂತೇ ಇದ್ದಳು.

"ಎಬ್ಬಿಸೇ."

ಮಗಳು ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಂಡಳು. ಚಳಿ ಬಿಟ್ಟ ನೀರಿನೊಳಗೆ ಕೈ ಇಳಿಸಿ ಮಡಕೆ ಚೂರಿನ ಕೆಳಗೆ ಬೆರಳು ತೂರಿಸಿದಳು, ಅಲ್ಲೇ ಇಟ್ಟುಕೊಂಡಳು.

"ಮೆಲ್ಲಗೆ," ಎಂದಳು ಅಮ್ಮ. "ಬೆಚ್ಚಿಬಿದ್ದೀತು."