ಅಕ್ಕಯಮ್ಮನ ಮಾತಿನ ಡಬ್ಬಿ

ಏಳು ತಿಂಗಳು ಬಾಯಿ ಕಟ್ಟಿಹೋಗಿದ್ದ ಅಕ್ಕಯಮ್ಮನಿಗೆ ಮಾತು ವಾಪಸು ಬಂದದ್ದು ಒಂದು ಸ್ಟೀಲ್ ಟಿಫನ್ ಡಬ್ಬಿಯಲ್ಲಿ.

ಲಕ್ವ ಹೊಡೆದು ಬಲಮೈಯೂ ನಾಲಿಗೆಯೂ ಒಂದೇ ಬೆಳಿಗ್ಗೆ ಹೋಗಿದ್ದವು. ಎಡಗೈ ಮಾತ್ರ ಉಳಿದಿತ್ತು. ಮಗ ಮುರಳಿಮೋಹನ್ ಶ್ರೀನಿವಾಸಪುರದಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡುವವನು. ಬಿಡುವಾದರೆ ಬೆಸುಗೆ ಹಾಕುತ್ತ ಏನಾದರೊಂದು ಕಟ್ಟುವ ಹುಚ್ಚು ಅವನಿಗೆ. ಡಬ್ಬಿಯ ಮುಚ್ಚಳಕ್ಕೆ ನಾಲ್ಕು ಕಾಲಿಂಗ್ ಬೆಲ್ ಬಟನ್, ಒಳಗೆ ಧ್ವನಿ ಹಿಡಿದಿಡುವ ಚಿಪ್, ಹಳೇ ಮೊಬೈಲ್ ಬ್ಯಾಟರಿ, ತಾಯಿಯದೇ ಕೆಟ್ಟ ರೇಡಿಯೋದ ಸ್ಪೀಕರ್. ಬಿಳಿ ಒತ್ತಿದರೆ ‘ನೀರು ಕೊಡು’, ಹಸಿರಿಗೆ ‘ಹಸಿವು’, ಹಳದಿಗೆ ‘ಬಟ್ಟೆ ಬದಲಾಯಿಸು’, ಕೆಂಪಿಗೆ ‘ನೋಯ್ತಿದೆ’. ಧ್ವನಿ ಸೊಸೆ ಪವಿತ್ರಳದು.

ಮೊದಲ ಸಲ ಬಿಳಿ ಒತ್ತಿ, ನೀರಿನ ಲೋಟ ಬಂದಾಗ ಅಕ್ಕಯಮ್ಮ ಗಳಗಳನೆ ಅತ್ತುಬಿಟ್ಟಳು. ಮುರಳಿ ಅವಳ ಕಣ್ಣೊರೆಸುವ ಮೊದಲು ವಿಡಿಯೋ ಮಾಡಿಕೊಂಡ.

ವಿಡಿಯೋ ಊರೆಲ್ಲ ಸುತ್ತಿತು. ಮಾವಿನ ಮಂಡಿಯವರು ಕೂಡ ಬಂದು ಡಬ್ಬಿಯನ್ನು ಹೊಗಳಿ ಹೋದರು. ಡಬ್ಬಿಗೆ ಸಿಕ್ಕ ಮರ್ಯಾದೆ ಮುದುಕಿಗೆ ಸಿಗಲಿಲ್ಲ. ತನ್ನ ಗಂಟಲೇ ತನಗೆ ದಿನಕ್ಕೆ ಮೂವತ್ತು ಸಲ ಅಪ್ಪಣೆ ಕೊಡುವುದು ಪವಿತ್ರಳಿಗೆ ಮೈ ಉರಿಸುತ್ತಿತ್ತು. ಅದರಲ್ಲೂ ಕೆಂಪು ಬಟನ್. ಮಲಗಿ ಮಲಗಿ ಅಕ್ಕಯಮ್ಮನ ಸೊಂಟದ ಕೆಳಗೆ ಅಂಗೈಯಗಲ ಹುಣ್ಣಾಗಿ ಕೀವು ಕಟ್ಟಿ ನಾರುತ್ತಿತ್ತು.

“ಮುಲಾಮು ಹಚ್ಚಿದ್ದಾಯ್ತಲ್ಲ, ಇನ್ನೇನ್ ಮಾಡ್ಲಿ? ಕೂತ್ಕೊಂಡು ಊದ್ಲಾ?” ಎನ್ನುತ್ತಿದ್ದಳು ಪವಿತ್ರ.

ಒಂದು ದಿನ ಮಾಲೂರಿನಿಂದ ಹಿರಿಮಗಳು ಅನಿತಳ ಫೋನ್ ಬಂತು. ಅವಳ ಮಾತು ಅಕ್ಕಯಮ್ಮನಿಗೂ ಕೇಳಿಸಿತು. “ಅಮ್ಮನ್ನ ನೋಡ್ಕೊಳ್ಳೋದು ಕಷ್ಟ ಆಗ್ತಿದ್ರೆ ಹೇಳೋ. ಭಾನುವಾರ ಕಾರ್ ತಗೊಂಡೇ ಬರ್ತೀನಿ, ಕರ್ಕೊಂಡು ಹೋಗ್ತೀನಿ.”

“ಅಮ್ಮನ್ನೇ ಕೇಳ್ಕೊಳ್ಳಕ್ಕ. ಈಗ ಮಾತಾಡ್ತಾಳಲ್ಲ!” ಎಂದ ಮುರಳಿ, ಜಂಬದಿಂದ.

ಅಕ್ಕಯಮ್ಮನಿಗೆ ಅಷ್ಟೇ ಸಾಕಾಗಿತ್ತು. ಕೆಂಪು ಒತ್ತಬೇಕು, ಮಗಳು ಹೊದಿಕೆ ಎತ್ತಿ ನೋಡಬೇಕು, ಮಾಲೂರಿಗೆ ಹೊರಟುಬಿಡಬೇಕು. ಕಣ್ಣು ಮುಚ್ಚಿಕೊಂಡು ಕೆಂಪು ಬಟನ್ ಹುಡುಕುವುದನ್ನು ನಾಲ್ಕು ದಿನ ಕಲಿತಳು.

ಭಾನುವಾರ ಬೆಳಿಗ್ಗೆ ಮುರಳಿ, “ಸ್ವಲ್ಪ ಸರಿಮಾಡ್ಬೇಕು ಕಣಮ್ಮ,” ಎಂದು ಡಬ್ಬಿ ಎತ್ತಿಕೊಂಡು ಹೋದ. ಗಂಡಹೆಂಡತಿ ಬಾಗಿಲು ಹಾಕಿಕೊಂಡರು. ಒಳಗಿಂದ ಪವಿತ್ರಳ ಕಿಸಿಕಿಸಿ ನಗು ಕೇಳಿಸಿತು. ಆಮೇಲೆ ಅವಳು ಬಂದು, ಡಬ್ಬಿಯನ್ನು ಮತ್ತೆ ಮಂಚದ ಮೇಲಿಟ್ಟು, ದಿನಾ ಎರಡು ಹಚ್ಚುವ ಊದುಬತ್ತಿಯನ್ನು ಆರು ಹಚ್ಚಿದಳು.

ಅನಿತ ಬಂದವಳೇ ಮಂಚದ ಅಂಚಿಗೆ ಕೂತು ತಾಯಿಯ ಕೆನ್ನೆ ಸವರಿದಳು. “ಹೇಗಿದೀಯಮ್ಮ? ನನ್ ಜೊತೆ ಬರ್ತೀಯಾ?”

ಅಕ್ಕಯಮ್ಮ ಕೆಂಪು ಒತ್ತಿದಳು.

“ನಾನು ಸುಖವಾಗಿದೀನಿ,” ಎಂದಿತು ಡಬ್ಬಿ.

ಬೆರಳು ಜಾರಿತೇನೋ ಎಂದು ನೋಡಿಕೊಂಡಳು. ಕೆಂಪೇ. ಮತ್ತೆ ಒತ್ತಿದಳು. ಮತ್ತೆ ಸುಖವಾಗಿದ್ದಳು. ಗಾಬರಿಯಿಂದ ಉಳಿದವನ್ನೂ ಒತ್ತಿದಳು. “ಹೊಟ್ಟೆ ತುಂಬಿದೆ” ಎಂದಿತು ಬಿಳಿ. “ನನ್ ಸೊಸೆ ಬಂಗಾರ” ಎಂದಿತು ಹಸಿರು. “ಮಗ ಚೆನ್ನಾಗ್ ನೋಡ್ಕೊತಾನೆ” ಎಂದಿತು ಹಳದಿ.

ಡಬ್ಬಿ ಬಿಟ್ಟು ಮಗಳ ಕೈ ಹಿಡಿದು ಸೊಂಟದ ಕಡೆ ಎಳೆದಳು. ಪವಿತ್ರ ಬೇಗ ಬಂದು ಹೊದಿಕೆಯನ್ನು ಮೈಗೆ ಒತ್ತಿದಳು. “ಫ್ಯಾನ್ ಗಾಳಿ ಆಗಲ್ಲ ಅತ್ತಿಗೆ ಇವ್ರಿಗೆ, ಹೊದ್ದೇ ಇರ್ಲಿ.”

ಅಕ್ಕಯಮ್ಮನ ಕಣ್ಣಲ್ಲಿ ಧಾರಾಕಾರ ನೀರು.

“ನೋಡೋ, ಖುಷಿಗೆ ಅಳ್ತಿದಾಳೆ! ಕೈ ಬಿಡ್ತಾನೇ ಇಲ್ಲ,” ಎಂದು ಅನಿತ ತಾನೂ ಅತ್ತಳು. ತಮ್ಮನ ಬೆನ್ನು ತಟ್ಟಿದಳು. ಊಟ ಮಾಡಿ ಹೊರಟಾಗ, ತಾಯಿಗೆಂದು ಕಾರಿನ ಹಿಂದಿನ ಸೀಟಿಗೆ ಹಾಸಿದ್ದ ಮೆತ್ತೆಯ ಮೇಲೆ ಮಾವಿನಹಣ್ಣಿನ ಪೆಟ್ಟಿಗೆ ಇಟ್ಟುಕೊಂಡು ಹೋದಳು.

ಕಾರಿನ ಸದ್ದು ಅಡಗಿದ ಮೇಲೆ ಮುರಳಿ ತಾಯಿಯ ಪಕ್ಕ ಬಂದು ಕೂತ. ಅವನ ಮುಖದಲ್ಲಿ ನಾಚಿಕೆಯಿರಲಿ, ಅದರ ನೆರಳೂ ಇರಲಿಲ್ಲ.

“ಬೇಜಾರ್ ಮಾಡ್ಕೋಬೇಡಮ್ಮ. ನೀನು ಹೊರಟೋದ್ರೆ ಊರ್ನೋರು ನನ್ ಮುಖಕ್ಕೆ ಉಗಿತಾರೆ. ಬಂದೋರ ಮುಂದೆ ಕಷ್ಟ ಹೇಳ್ಕೋಬಾರ್ದು ಅಂತ ನೀನೇ ಅಲ್ವಾ ಕಲ್ಸಿದ್ದು?”

ಕಲಿಸಿದ್ದು ಅವಳೇ. ರಾಯಲ್ಪಾಡಿನ ನೆಂಟರ ಮನೆಯಲ್ಲಿ ಆರು ವರ್ಷದ ಮುರಳಿ ‘ಹಸಿವು’ ಅಂದದ್ದಕ್ಕೆ ಸೆರಗಿನ ಮರೆಯಲ್ಲಿ ತೊಡೆ ಚಿವುಟಿದ್ದಳು, ನೀಲಿಗಟ್ಟುವಷ್ಟು. ಯಾರೇ ಕೇಳಲಿ, ‘ಹೊಟ್ಟೆ ತುಂಬಿದೆ’ ಅನ್ನಬೇಕೆಂದು ಹೇಳಿಕೊಟ್ಟಿದ್ದಳು.

ಮುರಳಿ ಹಳೆಯ ಮಾತುಗಳನ್ನು ತುಂಬಲು ಡಬ್ಬಿಗೆ ಕೈ ಹಾಕಿದ.

“ಇದೇ ಇರ್ಲಿ ಬಿಡ್ರಿ,” ಎಂದಳು ಪವಿತ್ರ. “ಕೇಳೋಕೆ ಹಿತವಾಗಿದೆ.”

ಅವನು ಒಂದು ಕ್ಷಣ ಯೋಚಿಸಿ, ಡಬ್ಬಿಯನ್ನು ಹಾಗೇ ತಾಯಿಯ ಕೈಗೆ ಒರಗಿಸಿ ಎದ್ದುಹೋದ.

ಸಂಜೆ ಅಕ್ಕಯಮ್ಮನಿಗೆ ಬಾಯಾರಿತು. ಗಂಟಲು ಒಣಗಿ ತಡೆಯಲಾಗದೆ ಬಿಳಿ ಬಟನ್ ಒತ್ತಿದಳು. ಒತ್ತುತ್ತಲೇ ಇದ್ದಳು.

ಅಡುಗೆಮನೆಯಿಂದ ಪವಿತ್ರ ನಕ್ಕದ್ದು ಕೇಳಿಸಿತು.

“ಕೇಳಿಸ್ತೇನ್ರೀ? ನಿಮ್ಮಮ್ಮಂಗೆ ಹೊಟ್ಟೆ ತುಂಬಿದೆಯಂತೆ.”