ಬಿಸ್ಕೆ ಕೊಲ್ಲಿಯ ಮರದ ಶಿಲುಬೆ

ನಮ್ಮ ಜರ್ಮನ್ ಜಲಾಂತರ್ಗಾಮಿಯಲ್ಲಿ ದೇವರನ್ನು ನಂಬುವವರು ಕಡಿಮೆ ಇದ್ದರು; ಶಿಲುಬೆಗೆ ಬೈಯದವರು ಮಾತ್ರ ಒಬ್ಬರೂ ಇರಲಿಲ್ಲ. ಎರಡು ಮರದ ಪಟ್ಟಿಗಳನ್ನು ಅಡ್ಡಡ್ಡ ಹೊಡೆದು, ಸುತ್ತ ತಂತಿ ಬಿಗಿದ ಆಂಟೆನಾ ಅದು. ಬಿಸ್ಕೆ ಕೊಲ್ಲಿಯಲ್ಲಿ ನೀರಿನಿಂದ ಮೇಲೆದ್ದಾಗಲೆಲ್ಲ ಅದನ್ನು ಹಡಗಿನ ನೆತ್ತಿಯ ಇಕ್ಕಟ್ಟಾದ ಬಾಯಿಯಿಂದ ಮೇಲಕ್ಕೆ ಕೊಡಬೇಕು. ಮೇಲಿನವನೊಬ್ಬ ಕೊಡೆಯಂತೆ ಹಿಡಿದು ಎಲ್ಲ ದಿಕ್ಕಿಗೂ ತಿರುಗಿಸಬೇಕು. ಅದರ ಕೇಬಲ್ಲು ಕೆಳಗೆ ನನ್ನ ರೇಡಿಯೋ ಮೂಲೆಯ ಪೆಟ್ಟಿಗೆಗೆ ಬರುತ್ತಿತ್ತು. ಇಂಗ್ಲಿಷರ ವಿಮಾನ ರಾಡಾರಿನಿಂದ ನಮ್ಮನ್ನು ತಡವಿದರೆ ನನ್ನ ಕಿವಿಯಲ್ಲಿ ಸೊಳ್ಳೆ ಹಾಡುತ್ತಿತ್ತು. ನಾನು ಕೂಗಬೇಕು, ಮೇಲಿದ್ದವರು ಶಿಲುಬೆಸಮೇತ ಒಳಗೆ ಬೀಳಬೇಕು, ನಾವು ಮುಳುಗಬೇಕು.

ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇತ್ತು. ಕಾಗದದ ಮೇಲೆ ನಮ್ಮ ಎರಡನೇ ಅಧಿಕಾರಿ ಝುಂಬುಷ್ ಇರಲಿಲ್ಲ, ಅಷ್ಟೆ. ಮ್ಯೂನ್‌ಸ್ಟರಿನಲ್ಲಿ ಸಾಸೇಜು ಮಾಡುವವರ ಮನೆತನ ಅವನದು, ಮೈತುಂಬ ಅದಕ್ಕೆ ಸಾಕ್ಷಿಯಿತ್ತು.

ಒಂದು ಮಧ್ಯಾಹ್ನ ಸೊಳ್ಳೆ ಹಾಡಿತು. ಕೂಗಿದೆ. ಕಾವಲಿನವರು ದಬದಬನೆ ಇಳಿದರು. ಆಮೇಲೆ ಶಿಲುಬೆ ಬಂತು, ಅದರ ಹಿಂದೆಯೇ ಝುಂಬುಷ್ ಬಂದ, ಇಬ್ಬರೂ ಬಾಯಲ್ಲಿ ಸಿಕ್ಕಿಕೊಂಡರು. ಮೇಲೆ ಕ್ಯಾಪ್ಟನ್ ಹಾರ್ಮ್‌ಸೆನ್ ಒಬ್ಬನೇ ಉಳಿದಿದ್ದ.

"ಯೇಸುಸ್ವಾಮಿ ಶಿಲುಬೆ ಹೊತ್ತ ಕಣಯ್ಯಾ, ನಿನ್ ಥರ ತೊಟ್ಕೊಂಡಿರ್ಲಿಲ್ಲ," ಎಂದು ಅವನ ಹೆಗಲಿಗೆ ಬೂಟು ಕೊಟ್ಟು ತುಳಿದ. ಪಟ್ಟಿ ಲಟಕ್ಕೆಂದಿತು, ಝುಂಬುಷ್ ಧೊಪ್ಪನೆ ಬಿದ್ದ. ಕ್ಯಾಪ್ಟನ್ ಒಳಗಿಳಿದು ಮುಚ್ಚಳ ಎಳೆದ. ಆದರೆ ಮುರಿದ ಶಿಲುಬೆಯ ತುಂಡು ಹೊರಗೇ ಉಳಿದು, ಅದರ ಕೇಬಲ್ಲು ಬಾಯಿಗೆ ಅಡ್ಡವಾಗಿ ಮುಚ್ಚಳ ಕೂರಲೊಲ್ಲದು. ಸಮುದ್ರ ಒಳಗೆ ಸುರಿಯತೊಡಗಿತು. ಅಡುಗೆಯ ಉಬ್ಬೋ ಬ್ರೆಡ್ಡಿನ ಚಾಕು ತಂದು, ನಾನು ಎಳೆದು ಹಿಡಿದ ಕೇಬಲ್ಲನ್ನು ಗರಗರ ಕೊಯ್ದ.

"ಚಾಕು ಮೊಂಡಾಗೋಯ್ತು. ನಾಳೆ ಬ್ರೆಡ್ಡು ಹರ್ಕೊಂಡು ತಿನ್ನಿ," ಎಂದ.

ಬಾಂಬುಗಳು ಬಿದ್ದವು, ದೀಪಗಳು ಒಡೆದವು, ನಾವು ಒಡೆಯಲಿಲ್ಲ.

ಉಪ್ಪಿನಲ್ಲಿ ಹುಳಿ ಬರಿಸಿದ ಎಲೆಕೋಸಿನ ಪೀಪಾಯಿಯ ಹಲಗೆಗಳಿಂದ ಹೊಸ ಶಿಲುಬೆ ಕಟ್ಟಿದೆವು. ಅದು ನಾರುತ್ತಿತ್ತು, ಆದರೂ ಕೆಲಸ ಮಾಡಿತು. ಅಷ್ಟರಲ್ಲಿ ದಡದಿಂದ ಆಜ್ಞೆ ಬಂತು: ಪೆಟ್ಟಿಗೆ ತಾನೇ ರೇಡಿಯೋ ಅಲೆಗಳನ್ನು ಸೂಸುತ್ತದೆ, ವಿಮಾನಗಳು ಅದರ ಜಾಡು ಹಿಡಿದು ಬರುತ್ತಿರಬಹುದು, ಕೂಡಲೇ ಆರಿಸಿ.

"ಅಂದ್ರೆ ಇಷ್ಟು ದಿನ ನಾವೇ ಗಂಟೆ ಬಾರಿಸಿ ಕರೀತಿದ್ವಾ?" ಝುಂಬುಷ್ ಊದಿದ ಹೆಗಲು ನೀವಿಕೊಂಡ.

ಕ್ಯಾಪ್ಟನ್ ನನ್ನ ಕಡೆ ತಿರುಗಿದ. "ಕಿವಿ ನಿಂದು. ನೀನೇನಂತೀಯ?"

"ಸದ್ದು ಬಂದಾಗ ವಿಮಾನ ಬಂದಿದೆ ಸಾರ್. ಈಚೆಗೆ ಸದ್ದಿಲ್ದೇನೂ ಬಂದಿದೆ. ಇದು ಕರೆಯತ್ತೋ ಗೊತ್ತಿಲ್ಲ. ಕಿವುಡಾಗಿರೋದಂತೂ ನಿಜ."

ನನ್ನ ಊಹೆ ಸರಿಯಾಗಿತ್ತೆಂದು ಯುದ್ಧ ಮುಗಿದ ಮೇಲೆ ತಿಳಿಯಿತು: ಇಂಗ್ಲಿಷರು ಬೇರೆ ಅಲೆಯ ರಾಡಾರ್ ತಂದಿದ್ದರು, ನಮ್ಮ ಪೆಟ್ಟಿಗೆಗೆ ಅದು ಕೇಳಿಸುತ್ತಲೇ ಇರಲಿಲ್ಲ. ಅಂದು ಅದನ್ನು ಹೇಳುವವರು ಯಾರೂ ಇರಲಿಲ್ಲ. ಕ್ಯಾಪ್ಟನ್ ಪೆಟ್ಟಿಗೆ ಆರಿಸಿದ, ಹಗಲಿನಲ್ಲಿ ಮಾತ್ರ ಮೇಲೇಳುವುದೆಂದು ತೀರ್ಮಾನಿಸಿದ. "ದೇವರು ಕೊಟ್ಟ ಕಣ್ಣಿದೆ. ಅದನ್ನ ಆರ್ಸಿ ಅಂತ ಇನ್ನೂ ಆಜ್ಞೆ ಬಂದಿಲ್ಲ."

ಬರಿಗಣ್ಣಿನ ಕಾವಲಿಗೆ ಝುಂಬುಷ್‌ನನ್ನೇ ಹಾಕಿದ. ನಾವು ಮುಖ ಮುಖ ನೋಡಿಕೊಂಡೆವು. ಹೆದರಿಕೆ ಅವನ ಕಣ್ಣನ್ನು ಹದ್ದಿನದಾಗಿಸಿತ್ತೋ ಏನೋ, ಸ್ಪೇನಿನ ಕರಾವಳಿಯ ಹತ್ತಿರ ಬೇರಾರಿಗೂ ಕಾಣದ ಚುಕ್ಕೆಯನ್ನು ಮೋಡದಲ್ಲಿ ಅವನೊಬ್ಬನೇ ಕಂಡ. ಈ ಸಲ ಬಾಯಲ್ಲಿ ಅಡ್ಡ ಏನೂ ಇರಲಿಲ್ಲ, ಸಲೀಸಾಗಿ ಮುಳುಗಿದೆವು. ಬಾಂಬಿನ ಅದುರಾಟಕ್ಕೆ ಉಬ್ಬೋನ ತೋಳು ಮುರಿಯಿತು, ಉಳಿದವರೆಲ್ಲ ಇಡಿಯಾಗಿ ಉಳಿದೆವು. ಆ ವಾರ ನಮ್ಮ ಜೊತೆ ಹೊರಟಿದ್ದ ಇನ್ನೆರಡು ಜಲಾಂತರ್ಗಾಮಿಗಳು ವಾಪಸು ಬರಲಿಲ್ಲ. ಅವುಗಳ ರೇಡಿಯೋದವರು ಇಬ್ಬರೂ ನನ್ನ ಜೊತೆ ತರಬೇತಿಗೆ ಕೂತವರು.

ಬಂದರಿನಲ್ಲಿ ಇಸ್ತ್ರಿ ಉಡುಪಿನ ತಜ್ಞನೊಬ್ಬ ಹೊಸ ಪೆಟ್ಟಿಗೆ ಹೊತ್ತು ಕಾದಿದ್ದ.

"ಇದು ಒಂದು ಚೂರೂ ಅಲೆ ಸೂಸಲ್ಲ," ಎಂದ ಹೆಮ್ಮೆಯಿಂದ.

ಗಡ್ಡದ ಉಪ್ಪು ಕೆರೆದುಕೊಳ್ಳುತ್ತ ಕ್ಯಾಪ್ಟನ್ ಕೇಳಿದ: "ವಿಮಾನ ಕೇಳಿಸುತ್ತಾ?"

"ಅದನ್ನ ಇನ್ನೂ ಪರೀಕ್ಷೆ ಮಾಡ್ತಿದ್ದೀವಿ."

"ಎಲ್ಲಿ?"

ತಜ್ಞ ನಮ್ಮ ಹಡಗಿನ ಕಡೆ ನೋಡಿದ. ಕ್ಯಾಪ್ಟನ್ ಅವನ ಜೇಬಿನಿಂದ ಸಿಗರೇಟಿನ ಪ್ಯಾಕು ತಾನೇ ತೆಗೆದು, ನಮಗೆಲ್ಲ ಒಂದೊಂದು ಹಂಚಿ, ಉಬ್ಬೋನನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋದ.