ನಶ್ಯ ಹೋಗಿ ಗುಳಿಗೆ ಬಂತು

ನಾನೊಂದು ಹಿತ್ತಾಳೆಯ ನಶ್ಯದ ಡಬ್ಬಿ. ಗದಗಿನ ಕಂಚುಗಾರನೊಬ್ಬ ತಲೆಯ ಮೇಲೆ ಬಡಿದು ಬಡಿದೇ ನನ್ನನ್ನು ಹುಟ್ಟಿಸಿದ. ಮೊದಲು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಜೇಬಿನಲ್ಲಿದ್ದೆ. ರಾಜನೂ ರಾಕ್ಷಸನೂ ನನ್ನಿಂದಲೇ ಚಿಟಿಕೆ ಎತ್ತುತ್ತಿದ್ದರು, ಭಾರೀ ಮರ್ಯಾದೆ. ಆಮೇಲೆ ಮಾಸ್ತರರ ಅಳಿಯ ಫಕ್ಕೀರಪ್ಪನ ಪಾಲಾದೆ.

ಫಕ್ಕೀರಪ್ಪನಿಗೆ ವಯಸ್ಸಾಯಿತು, ಸಕ್ಕರೆ ಕಾಯಿಲೆ ಬಂತು. ಹೆಂಡತಿ ಶಂಕ್ರವ್ವ ನಶ್ಯವನ್ನು ತಿಪ್ಪೆಗೆ ಚೆಲ್ಲಿ, ನನ್ನನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒಳಗೆ ವಾರದ ಗುಳಿಗೆ ತುಂಬಿದಳು. ನನ್ನ ಮಾನವೇ ಹೋಯಿತು. ಗುಳಿಗೆ ನುಂಗಿದಾಗಲೆಲ್ಲ ನನ್ನಲ್ಲಿನ್ನೂ ಉಳಿದ ನಶ್ಯದ ಘಾಟಿಗೆ ಅವನು ಸೀನುತ್ತಿದ್ದುದೊಂದೇ ಸಮಾಧಾನ.

ಅವನದೊಂದು ಸ್ವಂತ ವೈದ್ಯವಿತ್ತು. ಎಷ್ಟು ಹೋಳಿಗೆ ತಿನ್ನಬೇಕೋ ಅಷ್ಟು ಗುಳಿಗೆ ಮುಂಗಡ. ತಂಗಿಯ ಬಸುರಿ ಮೊಮ್ಮಗಳ ಕುಬಸಕ್ಕೆ ಹೋದಾಗ ಹೂರಣದ ವಾಸನೆ ಬಂದದ್ದೇ ತಡ, ಕಂಬದ ಮರೆಯಲ್ಲಿ ನಾಲ್ಕು ನುಂಗಿದ. ಅತ್ತ ಬೀಗರ ಬಸ್ಸು ಕೆಟ್ಟು ನಿಂತಿತು. ಅವರು ಬಾರದೆ ಬಸುರಿಗೆ ಆರತಿಯಿಲ್ಲ, ಆರತಿಯಾಗದೆ ಪಂಕ್ತಿಯಿಲ್ಲ. ಫಕ್ಕೀರಪ್ಪ ಬೆವೆತ, ತೊದಲಿದ, ಕಂಬವನ್ನೇ ಬೀಗರೆಂದು ಕೈಮುಗಿದು ಕುಸಿದು ಬಿದ್ದ.

ಲಕ್ವಾ ಹೊಡೆದಿದೆ ಎಂದು ಎಲ್ಲರೂ ಅತ್ತರು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪಾತಾಳಕ್ಕಿಳಿದಿತ್ತು. ಗ್ಲೂಕೋಸ್ ಏರಿಸಿದರು, ಕಣ್ಣು ಬಿಟ್ಟ. ಏನು ಔಷಧಿ ತಗೊಂಡಿದ್ದಿರಿ ಎಂದರೆ, ಹಸಿದಿದ್ದೆ ಅಷ್ಟೇ, ಮನೆಗೆ ಕಳಿಸಿ ಎಂದ. ಪಂಕ್ತಿ ಎದ್ದುಹೋದೀತೆಂಬ ಚಿಂತೆ ಅವನಿಗೆ! ಅಯ್ಯೋ ಪುಣ್ಯಾತ್ಮ, ನಾಲ್ಕೂ ಹೊಟ್ಟೆಯಲ್ಲಿ ಇನ್ನೂ ಕೆಲಸ ಮಾಡುತ್ತಿವೆ, ದಾರಿಯಲ್ಲೇ ಮತ್ತೆ ಬೀಳುತ್ತೀಯ ಎಂದು ನಾನು ಜೇಬಿನಲ್ಲಿ ಒದ್ದಾಡಿದೆ. ನನಗೆಲ್ಲಿ ಬಾಯಿ?

ಅಂಗಿ ಸರಿಮಾಡುವಾಗ ಶಂಕ್ರವ್ವನ ಕೈಗೆ ನಾನು ಸಿಕ್ಕೆ. ಅಲುಗಾಡಿಸಿದಳು, ಮುಚ್ಚಳ ತೆಗೆದಳು, ಗುಳಿಗೆ ಎಣಿಸಿದಳು.

"ಮುಂಜಾನೆ ವಾರದ ಏಳ ಗುಳಿಗಿ ತುಂಬಿ, ಇವತ್ತಿಂದು ಒಂದ ಕೊಟ್ಟಿದ್ನಿರಿ ಡಾಕ್ಟರ್ ಬಾಯಾರ. ಎರಡ ಉಳದಾವು."

ಡಾಕ್ಟರಮ್ಮ ಫಕ್ಕೀರಪ್ಪನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿದ.

"ನಾಕ ಹೋಳಗಿ ತಿನ್ನಾವಿದ್ದೆ. ಅದಕ್ಕ ನಾಕ ತಗೊಂಡೆ."

"ಎಷ್ಟು ತಿಂದ್ರಿ?"

"ಒಂದೂ ಸಿಗಲಿಲ್ರಿ."

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ಗುಳಿಗೆಯ ಬಲ ಇಳಿಯುವವರೆಗೆ ಬಿಡುವುದಿಲ್ಲವೆಂದು ಅಲ್ಲೇ ಮಲಗಿಸಿದರು. ಸಂಜೆ ಸಕ್ಕರೆ ಮತ್ತೆ ಕುಸಿಯಿತು. ಅಲ್ಲಿದ್ದುದರಿಂದ ಉಳಿದ. ಶಂಕ್ರವ್ವ ಅವನ ಕೈ ಹಿಡಿದು ಮನಸಾರೆ ಬೈದಳು, ಕಡೆಗೆ ಬೈಗುಳ ಮುಗಿದು ಅಳು ಬಂತು.

"ನೀವ ಹ್ವಾದ್ರ ನಾ ಯಾರಿಗೆ ಹೋಳಗಿ ಮಾಡ್ಲಿ?"

ಈಗ ಗುಳಿಗೆಯನ್ನು ಅವಳೇ ಕೈಯಾರೆ ಕೊಡುತ್ತಾಳೆ. ಹಬ್ಬದ ದಿನ ಅರ್ಧ ಹೋಳಿಗೆ ಬಡಿಸಿ, ಅವನು ತಿಂದು ಮುಗಿಸುವವರೆಗೆ ಎದುರಿಗೇ ಕೂತಿರುತ್ತಾಳೆ. ನಾನು ಗೋಡೆಯ ಮಾಡದಲ್ಲಿ ಖಾಲಿ ಕೂತು, ಅವನು ಬೆರಳು ನೆಕ್ಕುವುದನ್ನು ನೋಡುತ್ತೇನೆ. ಮುದಿ ಡಬ್ಬಿಗೆ ಇಷ್ಟು ಸಾಕು.